ನಮ್ಮನೆ ಗಡಿಯಾರ ಸರಿಹೋದ ದಿನ

ಸೋಮವಾರ ಬೆಳಿಗ್ಗೆ ನನಗೆ ರೈಲು ತಪ್ಪಿತು. ಕಣ್ಣಿಗೇ ಬೀಳದ ಹಾಗೆ ತಪ್ಪಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನಾನು ಮೈಸೂರು ಸ್ಟೇಷನ್ನಿನ ಮೆಟ್ಟಿಲಿಳಿದು ಪ್ಲಾಟ್‌ಫಾರ್ಮಿಗೆ ಕಾಲಿಡುವುದಕ್ಕೂ ಕೊನೇ ಬೋಗಿ ನನ್ನ ಮುಂದೆ ನಿಧಾನವಾಗಿ ಜಾರಿಕೊಂಡು ಹೋಗುವುದಕ್ಕೂ ಸರಿಹೋಯಿತು. ಆ ಕೊನೇ ಬೋಗಿಯ ಬೆನ್ನಿಗೆ ಹಳದಿ ಬಣ್ಣದಲ್ಲಿ ದೊಡ್ಡದೊಂದು ಇಂಟು ಮಾರ್ಕು ಬಳಿದಿರುತ್ತಾರೆ, ನೋಡಿದ್ದೀರಲ್ಲ? ಏಳನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ನನ್ನ ಪುಸ್ತಕಕ್ಕೆ ಹಾಕುತ್ತಿದ್ದದ್ದು ಅದೇ ಮಾರ್ಕು. ಬಾಗಿಲಲ್ಲಿ ನೇತಾಡುತ್ತಿದ್ದ ನಮ್ಮ ಮಂಡ್ಯ ಪಾಸಿನ ಗೆಳೆಯರೊಬ್ಬರು ಕೈ ಬೀಸಿದರು. ಓಡಿ ಬಾ ಅಂತಲೋ, ಹೋಗ್ಬರ್ತೀನಿ ಅಂತಲೋ ಇವತ್ತಿಗೂ ಗೊತ್ತಾಗಿಲ್ಲ.

ತಪ್ಪು ರೈಲಿನದಲ್ಲ. ಅದು ಹೊರಡಬೇಕಾದ ಹೊತ್ತಿಗೇ ಹೊರಟಿತ್ತು. ಗಡಿಯಾರದ್ದೂ ಅಲ್ಲ, ಸಂಕಟ ಇರುವುದೇ ಅಲ್ಲಿ. ಸುಮಾರು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಮ್ಮ ನಡುಮನೆ ಗಡಿಯಾರ ಸರಿಯಾದ ಟೈಮು ತೋರಿಸುತ್ತಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ನಡುಮನೆ ಗಡಿಯಾರವನ್ನು ಐದೋ ಹತ್ತೋ ನಿಮಿಷ ಮುಂದಿಡುವ ಪದ್ಧತಿ ನಿಮ್ಮನೆಯಲ್ಲೂ ಇರುತ್ತದೆ. ನಮ್ಮನೆಯಲ್ಲಿ ಅದರ ಖಾತೆ ಅಪ್ಪನದು. ಅಪ್ಪ ಮೊದಲು ಇಟ್ಟಿದ್ದು ಬರೀ ಐದು ನಿಮಿಷ. ನಾವೆಲ್ಲ ಐದು ಕಳೆಯುವುದು ಕಲಿತೆವು. ಅದು ಅಪ್ಪನಿಗೆ ಗೊತ್ತಾಗಿ ಒಂದು ರಾತ್ರಿ ಹತ್ತು ಮಾಡಿದರು, ಯಾರಿಗೂ ಹೇಳದೆ. ಒಂದು ವಾರ ಮನೆಮಂದಿಯೆಲ್ಲ ಎಲ್ಲಾ ಕಡೆಗೂ ಐದು ನಿಮಿಷ ಮುಂಚೆ ಹೋಗಿ ನಿಂತೆವು. ಅಪ್ಪನ ಮುಖದಲ್ಲಿ ಜಂಬೂಸವಾರಿ. ಆಮೇಲೆ ನನ್ನ ಮಗಳು ಮೊಬೈಲನ್ನು ಗಡಿಯಾರದ ಪಕ್ಕ ಹಿಡಿದು ನೋಡಿ ಗುಟ್ಟು ರಟ್ಟು ಮಾಡಿದಳು. ನಾವು ಹತ್ತು ಕಳೆದೆವು. ಅವರು ಹನ್ನೆರಡು ಮಾಡಿದರು. ಹೀಗೇ ಏರುತ್ತಾ ಏರುತ್ತಾ ಹೋದ ವರ್ಷ ದಸರಾ ಹೊತ್ತಿಗೆ ಹದಿನೇಳಕ್ಕೆ ಬಂದು ನಿಂತಿತು.

"ಅದ್ಯಾಕಪ್ಪಾ ಹದಿನೇಳು? ಹದಿನೈದೋ ಇಪ್ಪತ್ತೋ ಇಡಬಾರದಾ?" ಅಂತ ಕೇಳಿದ್ದೆ.

"ಹದಿನೈದು ಕಳೆಯೋದು ಸುಲಭ ಕಣೋ. ಹದಿನೇಳು ಕಳೆಯೋಕೆ ಹೋದ್ರೆ ತಲೆ ಕೆಟ್ಟು, ಲೆಕ್ಕ ಬಿಟ್ಟು ಎದ್ದು ಹೋಗ್ತೀರ. ಅದಕ್ಕೇ ಇಟ್ಟಿರೋದು."

ಆದರೆ ಮನುಷ್ಯ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ? ಹಲ್ಲುಜ್ಜುತ್ತಾ, ಮುಖಕ್ಷೌರ ಮಾಡಿಕೊಳ್ಳುತ್ತಾ, ಉಪ್ಪಿಟ್ಟು ನುಂಗುತ್ತಾ ಹದಿನೇಳು ಕಳೆಯುವುದು ನನಗೆ ಉಸಿರಾಡಿದಷ್ಟೇ ಸಲೀಸಾಯಿತು. ಯಾರಾದರೂ ನೆಂಟರು ಬಂದು "ಟೈಮೆಷ್ಟು?" ಅಂದರೆ ನಾವು "ಗಡಿಯಾರದ ಟೈಮೋ, ನಿಜವಾದ ಟೈಮೋ?" ಅಂತ ಕೇಳುತ್ತೇವೆ. ಅಮ್ಮ ರಾಹುಕಾಲಕ್ಕೆ ಮಾತ್ರ ಅಡುಗೆಮನೆಯ ಗಡಿಯಾರ ನೋಡುತ್ತಾಳೆ, ಯಾಕೆಂದರೆ ಅದನ್ನು ಮುಟ್ಟಲು ಅಪ್ಪನಿಗೆ ಧೈರ್ಯವಿಲ್ಲ. ಹಾಗಾಗಿ ನಮ್ಮನೆಗೆ ಸರಿಯಾದ ಟೈಮಿಗೆ ಬರುವವನು ರಾಹು ಒಬ್ಬನೇ.

ಭಾನುವಾರ ಬೆಂಗಳೂರಿಂದ ನನ್ನ ಭಾಮೈದ ಬಂದಿದ್ದ. ಇಂಜಿನಿಯರು. ಸುಮ್ಮನೆ ಕೂರುವ ಜಾತಿಯಲ್ಲ. ಮಧ್ಯಾಹ್ನ ನಾನು ಊಟ ಮಾಡಿ ಮಲಗಿದ್ದಾಗ ಸ್ಟೂಲು ಹತ್ತಿ, ಗಡಿಯಾರ ಇಳಿಸಿ, ಧೂಳು ಒರೆಸಿ, ಹೊಸ ಸೆಲ್ ಹಾಕಿ, ಮೊಬೈಲ್ ನೋಡಿಕೊಂಡು ಸೆಕೆಂಡಿಗೆ ಸೆಕೆಂಡು ಹೊಂದಿಸಿ ಮೊಳೆಗೆ ಸಿಕ್ಕಿಸಿದ್ದಾನೆ. ಆ ಹೊತ್ತಿಗೆ ಅಪ್ಪ ವಾಕಿಂಗ್ ಹೋಗಿದ್ದರು. ಸಂಜೆ ಬಸ್ಸು ಹತ್ತಿದ. ಮಾರನೇ ದಿನ ನಾನು ಮಂಡ್ಯ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತಿರುವಾಗ ಫೋನು ಬಂತು. "ಭಾವಾ, ಹೇಳೋದೇ ಮರೆತಿದ್ದೆ. ನಿಮ್ಮನೆ ಗಡಿಯಾರ ಹದಿನೇಳು ನಿಮಿಷ ಫಾಸ್ಟ್ ಇತ್ತು. ಸರಿ ಮಾಡಿದ್ದೀನಿ." ಥ್ಯಾಂಕ್ಸ್ ಅಂದೆ. ಹೆಂಡತಿಯ ತಮ್ಮ, ಇನ್ನೇನು ಅನ್ನಲಿ?

ಮೊಬೈಲ್ ನೋಡಬಾರದಿತ್ತೇ ಅಂತ ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಬೆಳಿಗ್ಗೆ ಹೊತ್ತು ಮೊಬೈಲು ಚಾರ್ಜಿಗೆ ಹಾಕಿರುತ್ತೆ ಮಾರಾಯ್ರೆ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದವನು ಗೋಡೆ ನೋಡದೆ ಇನ್ನೇನು ನೋಡುತ್ತಾನೆ?

ಬಸ್ಸಿನಲ್ಲಿ ನಿಂತವನಿಗೆ ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಕತೆ ನೆನಪಾಯಿತು. ಹಿಂದೆ ಗಳಿಗೆ ಬಟ್ಟಲು ಅಂತ ಇರುತ್ತಿತ್ತು. ತಳದಲ್ಲಿ ಸೂಜಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು 24 ನಿಮಿಷ, ಅಂದರೆ ಒಂದು ಗಳಿಗೆ. ಅಂಥ ಅರವತ್ತು ಮುಳುಗಿದರೆ ಒಂದು ದಿನ. 'ಗಡಿಯಾರ' ಅನ್ನುವ ಮಾತೇ ಆ ಘಟಿಯ ಮೊಮ್ಮಗ. ಲೀಲಾವತಿಯ ಮದುವೆ ಮುಹೂರ್ತಕ್ಕೆ ಇಟ್ಟಿದ್ದ ಬಟ್ಟಲೊಳಗೆ ಹುಡುಗಿ ಬಗ್ಗಿ ನೋಡಿದಳಂತೆ, ಮೂಗುತಿಯದೋ ಸರದ್ದೋ ಮುತ್ತು ಬಿದ್ದು ತೂತು ಮುಚ್ಚಿತಂತೆ, ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಕಳೆದೇ ಹೋಯಿತು. ಅವಳಿಗಾದರೂ ಅಡ್ಡ ಬಂದದ್ದು ಮುತ್ತು. ನನಗೆ ಭಾಮೈದ.

ಬಸ್ ಸ್ಟ್ಯಾಂಡಿಗೆ ಬರುವಾಗ ಆಟೋದವನು ಯಾವ ಜನ್ಮದ ಸೇಡಿಗೋ ಊರೆಲ್ಲ ಬಳಸಿಕೊಂಡು ಬಂದಿದ್ದ. ಹಾಗಾಗಿ ದೇವರಾಜ ಮಾರ್ಕೆಟ್ಟಿನ ಮುಂದಿನ ಚಿಕ್ಕ ಗಡಿಯಾರವನ್ನೂ ಪುರಭವನದ ಹತ್ತಿರದ ದೊಡ್ಡ ಗಡಿಯಾರವನ್ನೂ ಒಂದೇ ಸವಾರಿಯಲ್ಲಿ ನೋಡಿದೆ. ಚಿಕ್ಕದು ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಕನ್ನಡ ಅಂಕಿಗಳಿರುವ ದೊಡ್ಡದು ನಾಲ್ವಡಿಯವರು ಆಡಳಿತ ವಹಿಸಿಕೊಂಡು 25 ವರ್ಷವಾಯಿತು ಅಂತ 1927ರಲ್ಲಿ ಎದ್ದದ್ದು. ಇಲ್ಲಿ ಇಷ್ಟೆತ್ತರದ ಗೋಪುರ ಎತ್ತಿ ಗಡಿಯಾರ ಕೂರಿಸಿದ ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಕ್ವಾರ್ಟ್ಜ್ ಗಡಿಯಾರ ತಯಾರಾಯಿತು. ಆಗ ಅದು ದೊಡ್ಡ ಬೀರುವಿನಷ್ಟಿತ್ತು. ಈಗ ನಮ್ಮ ಗೃಹಪ್ರವೇಶಕ್ಕೆ ಉಡುಗೊರೆ ಬಂದ ನಾಲ್ಕು ಗೋಡೆ ಗಡಿಯಾರಗಳಲ್ಲೂ ಅದೇ ಕೂತಿದೆ. ಒಳಗಿರುವ ಹರಳಿನ ಚೂರು ಸೆಕೆಂಡಿಗೆ 32,768 ಸಲ ನಡುಗುತ್ತದಂತೆ. ಅದನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ, ಹೀಗೆ ಹದಿನೈದು ಸಲ ಮಾಡಿದರೆ ಸೆಕೆಂಡಿಗೆ ಒಂದೇ ಒಂದು ಟಿಕ್ಕು ಉಳಿಯುತ್ತದೆ. ಅಷ್ಟು ನಿಖರವಾಗಿ ನಡುಗುವ ಹರಳನ್ನು ತಂದು ಗೋಡೆಗೆ ನೇತುಹಾಕಿ ಅಪ್ಪ ಹದಿನೇಳು ನಿಮಿಷ ಮುಂದೆ ತಳ್ಳುತ್ತಾರೆ.

ಅಪ್ಪನ ಈ ಚಾಳಿಗೆ ಹಳೇ ಇತಿಹಾಸವಿದೆ. ತಾತನ ಕಾಲದಲ್ಲಿ ಮನೆಯಲ್ಲಿದ್ದದ್ದು ಲೋಲಕದ ಗಡಿಯಾರ. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಗಡಿಯಾರಕ್ಕೆ ಲೋಲಕ ಕಟ್ಟಿದನಲ್ಲ, ಆ ವಂಶದ್ದು. ಮುಖದ ಮೇಲೆ ಎರಡು ತೂತು. ಒಂದು ನಡೆಯೋಕೆ, ಇನ್ನೊಂದು ಹೊಡೆಯೋಕೆ. ಭಾನುವಾರ ಎಣ್ಣೆನೀರು ಮುಗಿಸಿ ತಾತ ಎರಡಕ್ಕೂ ಕೀ ಕೊಡುತ್ತಿದ್ದರು. ಅವರು ಸರಿ ಟೈಮಿನ ಮನುಷ್ಯ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತವಾಗಿ ರೇಡಿಯೋ ಕೇಂದ್ರ ಶುರುಮಾಡಿದ ಊರಿನವರು ಬೇರೆ. ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಬರುವ ಪೀಪ್ ಸದ್ದೇ ಅವರಿಗೆ ವೇದವಾಕ್ಯ. ಅಪ್ಪ ಆಗಲೇ ಮುಂದೆ ತಳ್ಳುವ ಪಕ್ಷ. ಸಂಜೆ ಅಪ್ಪ ಮುಳ್ಳು ಮುಂದೆ ತಿರುಗಿಸೋದು, ರಾತ್ರಿ ತಾತ ಪೀಪ್ ಕೇಳಿ ಹಿಂದಕ್ಕೆ ತಿರುಗಿಸೋದು. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡುತ್ತಿರಲಿಲ್ಲ.

ಆ ಥರದ ಗಡಿಯಾರದ ಒಂದು ಗುಟ್ಟು ಏನೆಂದರೆ, ಹೊಡೆಯುವ ಭಾಗಕ್ಕೆ ಮುಳ್ಳು ಎಲ್ಲಿದೆ ಅಂತ ಗೊತ್ತೇ ಇರುವುದಿಲ್ಲ. ಅದರ ಹತ್ತಿರ ಕಚ್ಚು ಕೊರೆದ ಒಂದು ಚಕ್ರ ಇರುತ್ತದೆ. ಒಂದು ಹೊಡೆದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಅಷ್ಟೇ ಅದಕ್ಕೆ ಗೊತ್ತಿರುವ ಮಗ್ಗಿ. ಅಪ್ಪ ಮುಳ್ಳನ್ನು ಆರರಿಂದ ಮುಂದೆ ದಾಟಿಸಿದರೆ ಆರು ಹೊಡೆಯುತ್ತಿತ್ತು. ತಾತ ಹಿಂದಕ್ಕೆ ತಂದ ಮೇಲೆ ಮುಳ್ಳು ಮತ್ತೆ ಗಂಟೆಯನ್ನು ದಾಟಬೇಕಲ್ಲ? ಆಗ ಪಾಪ ಅದು ತನ್ನ ಲೆಕ್ಕದಂತೆ ಮುಂದಿನ ಅಂಕಿ ಹೊಡೆಯುತ್ತಿತ್ತು. ದಿನಾ ಹೀಗೆ ಇಬ್ಬರೂ ಎಳೆದಾಡಿ, ಮುಳ್ಳು ನಾಲ್ಕರ ಮೇಲಿದ್ದಾಗ ಗಂಟೆ ಏಳು ಹೊಡೆಯುವ ಮಟ್ಟಕ್ಕೆ ತಂದಿಟ್ಟರು. ಒಂದು ಬೆಳಗಿನ ಜಾವ ನಾಲ್ಕಕ್ಕೆ ಅದು ಢಣ್ ಢಣ್ ಅಂತ ಏಳು ಬಾರಿಸಿತು. ಪಕ್ಕದ ಮನೆ ಯಜಮಾನರು ಅದನ್ನು ಎಣಿಸಿ, ಗಾಬರಿಬಿದ್ದು ಎದ್ದು, ಸ್ವೆಟರ್ ಮೇಲೆ ಮಫ್ಲರ್ ಸುತ್ತಿ, ಚೊಂಬು ಹಿಡಿದು ಹಾಲಿಗೆ ಹೋಗಿ ನಿಂತರು. ಹಾಲಿನವನೂ ಇಲ್ಲ, ಹಸುವೂ ಎದ್ದಿಲ್ಲ. ಅರ್ಧ ಗಂಟೆ ಚಳಿಯಲ್ಲಿ ನಿಂತು, ವಾಪಸ್ಸು ಬಂದು ನಮ್ಮ ಬಾಗಿಲು ಬಡಿದರು. ತಾತ ಎದ್ದು ಬಂದರು, ಅಪ್ಪ ಎದ್ದು ಬಂದರು. "ಸ್ವಾಮೀ, ನಿಮ್ಮನೇಲಿ ಈಗೆಷ್ಟು ಗಂಟೆ?" ಅಂದರು ಅವರು. ತಾತ ಅಪ್ಪನ ಕಡೆ ನೋಡಿದರು. ಅಪ್ಪ ತಾತನ ಕಡೆ ನೋಡಿದರು. ಅಷ್ಟರಲ್ಲಿ ಒಳಗಿಂದ ಅರ್ಧ ಗಂಟೆಯ ಏಟು ಒಂದು ಬಿತ್ತು, ಢಣ್. "ಒಂದಂತೆ," ಅಂದಳು ಅಮ್ಮ, ಹಾಸಿಗೆಯಿಂದಲೇ.

ತಾತ ಹೋದ ಮೇಲೆ ಆ ಗಡಿಯಾರಕ್ಕೆ ಯಾರೂ ಕೀ ಕೊಡಲಿಲ್ಲ. ಎಳೆದಾಡಲು ಎದುರಾಳಿ ಇಲ್ಲದೆ ಅಪ್ಪನಿಗೂ ಅದರಲ್ಲಿ ರುಚಿ ಹೋಯಿತೋ ಏನೋ. ಈಗ ಅಟ್ಟದ ಮೇಲಿದೆ. ಕೀ ಮಾತ್ರ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ.

ಅಪ್ಪನ ಕೈಯಲ್ಲಿರುವುದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ಎಚ್‌ಎಂಟಿ. 1961ರಲ್ಲಿ ಬೆಂಗಳೂರಲ್ಲಿ ಜಪಾನಿನವರ ಜೊತೆ ಸೇರಿ ಕೈಗಡಿಯಾರ ಮಾಡಲು ಶುರುಮಾಡಿದ ಆ ಕಂಪನಿಯ ವಾಚ್ ವಿಭಾಗವನ್ನು ಮುಚ್ಚಲು ಸರಕಾರ 2016ರಲ್ಲಿ ತೀರ್ಮಾನ ಮಾಡಿತು. ಅಪ್ಪನ ವಾಚು ಮಾತ್ರ ಇನ್ನೂ ಓಡುತ್ತಿದೆ. ದಿನಾ ಬೆಳಿಗ್ಗೆ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಇಸ್ತ್ರಿ ಅಂಗಿ ತೊಟ್ಟು, ಬಾಚಣಿಗೆ ಜೇಬಿಗೆ ಸಿಕ್ಕಿಸಿ ಜಗಲಿಯ ಕುರ್ಚಿಯಲ್ಲಿ ಕೂರುತ್ತಾರೆ. ರಿಟೈರಾಗಿ ಹದಿನಾಲ್ಕು ವರ್ಷವಾಯಿತು. ಎಲ್ಲಿಗೂ ಹೋಗಬೇಕಿಲ್ಲ. ಆದರೂ ಹದಿನೇಳು ನಿಮಿಷ ಮುಂಚೆ ತಯಾರಾಗಿ ಕೂತಿರುತ್ತಾರೆ. ಗೇಟಿನ ಮುಂದೆ ಸ್ಕೂಲ್ ವ್ಯಾನು ಬಂದು ಹೋಗುತ್ತೆ, ಸೊಪ್ಪಿನವಳು ಹೋಗುತ್ತಾಳೆ, ನಾನು ಹೋಗುತ್ತೇನೆ. ಆ ವಾಚು ತೋರಿಸುವುದು ಸರಿಯಾದ ಟೈಮು ಅಂತ ಮೊನ್ನೆಯಷ್ಟೇ ನನಗೆ ಗೊತ್ತಾಯಿತು. ಇಷ್ಟು ವರ್ಷ ತೋಳು ಇಳಿಸಿಕೊಂಡು ನಮಗೆ ಕಾಣದ ಹಾಗೆ ನೋಡಿಕೊಂಡಿದ್ದಾರೆ.

ಸೋಮವಾರ ಅರ್ಧ ದಿನದ ಸಿ.ಎಲ್. ಹೋಯಿತು. ಥಂಬ್ ಕೊಡುವ ಯಂತ್ರಕ್ಕೆ ನಮ್ಮನೆ ಕತೆ ಹೇಳಲಾಗುತ್ತದೆಯೇ? ಸಂಜೆ ಮನೆಗೆ ಬಂದವನೇ ಅಪ್ಪನ ಮುಂದೆ ಕೂತೆ. ಇವತ್ತು ಇತ್ಯರ್ಥ ಆಗಲೇಬೇಕು ಅಂತ ದಾಖಲೆ ಸಮೇತ ತಯಾರಾಗಿದ್ದೆ.

"ಅಪ್ಪಾ, 1906ರಿಂದ ಇಡೀ ದೇಶಕ್ಕೆ ಒಂದೇ ಟೈಮು. ನಮ್ಮನೆಗೆ ಮಾತ್ರ ಬೇರೆ ಯಾಕೆ?"

"ಮುಂಬೈಯವರು 1955ರ ತನಕ ಅವರದೇ ಟೈಮು ಇಟ್ಕೊಂಡಿರಲಿಲ್ವೇನೋ?" ಅಂದರು. ಇದು ಇವರಿಗೆ ಹೇಗೆ ಗೊತ್ತು? ಜಗಲಿಯಲ್ಲಿ ಕೂತು ಪೇಪರ್ ಓದುವವರ ಜೊತೆ ವಾದಕ್ಕೆ ಇಳಿಯಬಾರದು.

ಆದರೂ ನನ್ನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು. "ಈಗ ನಾವು ನೋಡೋ ಟೈಮು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ರೇಖಾಂಶದ್ದು. ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಲೆಕ್ಕ ಹಾಕಿ. ಸೂರ್ಯ ನಮ್ಮ ನೆತ್ತಿ ಮೇಲೆ ಬರೋದು ಅಲ್ಲಿಗಿಂತ 23 ನಿಮಿಷ ತಡವಾಗಿ. ಹತ್ತಿರ ಹತ್ತಿರ ಒಂದು ಗಳಿಗೆ. ಅಂದ್ರೆ ನಿಜವಾಗಿ ನೋಡಿದ್ರೆ ಮೈಸೂರಿನ ಗಡಿಯಾರ ಹಿಂದಿರಬೇಕು. ನೀವು ಮುಂದಿಡ್ತಿದ್ದೀರ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ನಿಜವಾಗಿಯೂ ಯೋಚನೆ ಮಾಡುತ್ತಿದ್ದರು. ಗೆದ್ದೆ ಅಂದುಕೊಂಡೆ.

"ಸೂರ್ಯನೇ ಇಪ್ಪತ್ಮೂರು ನಿಮಿಷ ಲೇಟು ಅಂತೀಯ."

"ಹೂಂ."

"ಅವನೇ ಲೇಟಾಗಿ ಬರೋ ಊರಲ್ಲಿ ಗಡಿಯಾರನಾದ್ರೂ ಮುಂದೆ ಇರಬೇಡವೇನಪ್ಪಾ? ಹೋಗು, ಆ ಸ್ಟೂಲ್ ತಗೊಂಡ್ ಬಾ."

ತಂದೆ. ಅವರ ಮಂಡಿ ನೋವಿಗೆ ಸ್ಟೂಲು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದು ನಿಂತೆ. ನನ್ನ ಮೂಗಿನ ಮುಂದೆ ಅವರ ಪಂಚೆ, ಮೇಲೆ ಗಡಿಯಾರದ ಹಿಂಬದಿಯ ಗುಂಡಿ ತಿರುಗುವ ಕಿರಕಿರ ಸದ್ದು. ಕಿರಕಿರ ನಿಂತಿತು. ಮತ್ತೆ ಸ್ವಲ್ಪ ತಿರುಗಿತು. ಎಷ್ಟು ತಿರುಗಿಸಿದರು ಅಂತ ಕಾಣಲಿಲ್ಲ.

"ಎಷ್ಟಿಟ್ರಿ ಅಪ್ಪಾ?"

"ಅದು ನಿಂಗ್ಯಾಕೆ?" ಅಂದರು, ಸ್ಟೂಲಿಂದ ಇಳಿಯುತ್ತಾ.