ವಾಸಿ ಯಾವಾಗ ಅಂತ ಕೇಳುವವರಿಗೆ

ಮೊನ್ನೆ ಗೃಹಪ್ರವೇಶದಲ್ಲಿ ಸಿಕ್ಕ ದೊಡ್ಡಮ್ಮ ಕೇಳಿದರು, "ಇನ್ನೂ ವಾಸಿಯಾಗ್ಲಿಲ್ವೇನೇ?" ಒಂಬತ್ತು ವರ್ಷದಿಂದ ಇದೇ ಪ್ರಶ್ನೆ. ನನಗಿರುವುದು ಫೈಬ್ರೊಮಯಾಲ್ಜಿಯಾ. ಮೈಯೆಲ್ಲಾ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು. ರಕ್ತ ಪರೀಕ್ಷೆ ಮಾಡಿದರೆ ಇಎಸ್‌ಆರ್, ಆರ್‌ಎ ಫ್ಯಾಕ್ಟರ್, ಥೈರಾಯ್ಡ್ ಎಲ್ಲಾ ನಾರ್ಮಲ್. ಮೂರು ವರ್ಷ "ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಕೊನೆಗೆ ಕಾಯಿಲೆಯ ಹೆಸರು ಹೇಳಿದ ಡಾಕ್ಟರೂ ಮುಂದೇನು ಅಂತ ಹೇಳಲಿಲ್ಲ.

ನನ್ನ ಸಿಟ್ಟು ಅದಕ್ಕೇ. ಹೆಸರು ಹೇಳಿದ ದಿನವೇ ಮುಂದಿನದ್ದನ್ನೂ ಹೇಳಬೇಕು. ಇದು ಸಂಧಿವಾತದ ಹಾಗೆ ಕೀಲುಗಳನ್ನು ಹಾಳು ಮಾಡುವುದಿಲ್ಲ. ನೋವಿನ ಸುದ್ದಿ ಒಯ್ಯುವ ನರಗಳು, ಅದನ್ನು ಓದುವ ಮೆದುಳು ಅತಿ ಚುರುಕಾಗಿರುತ್ತವೆ. ಪೂರ್ತಿ ಹೋಗುವುದು ಅಪರೂಪ. ಏರುತ್ತದೆ, ಇಳಿಯುತ್ತದೆ, ಎಷ್ಟೋ ಜನರಿಗೆ ಹತೋಟಿಗೆ ಬರುತ್ತದೆ. ಇಷ್ಟು ಯಾರಾದರೂ ಹೇಳಿದ್ದರೆ, ಒಂದು ದಿನ ಗಾಲಿಕುರ್ಚಿಯೇ ಗತಿ ಅಂತ ಹೆದರಿ ನಾನು ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಯುರೋಪಿನ ವಾತರೋಗ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ಮಾತ್ರೆಗಳಿಗೂ ಆ ಮಟ್ಟದ ಭರವಸೆ ಸಿಗಲಿಲ್ಲ. ನಾನು ಐದು ನಿಮಿಷದ ನಡಿಗೆಯಿಂದ ಶುರು ಮಾಡಿದೆ. ಈಗ ಅರ್ಧ ಗಂಟೆ ನಡೆಯುತ್ತೇನೆ. ಇಡ್ಲಿ ಹಿಟ್ಟಿನ ಪಾತ್ರೆ ನಾನೇ ಎತ್ತಿಡುತ್ತೇನೆ.

ಆದರೆ ನನ್ನ ಗೆಳತಿಗೆ ಇರುವುದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಬಹುಕಾಲ ಬಿಡದೆ ಕಾಡುವ ವಿಪರೀತ ಸುಸ್ತಿನ ಕಾಯಿಲೆ. ಎರಡೂ ಒಂದೇ ಅಂದುಕೊಂಡು ಅವಳನ್ನು ಬಲವಂತವಾಗಿ ವಾಕಿಂಗ್‌ಗೆ ಎಳೆದುಕೊಂಡು ಹೋದೆ. ಎರಡು ದಿನ ನಡೆದಳು. ಮೂರನೇ ದಿನ ಹಾಸಿಗೆ ಹಿಡಿದವಳು ಹತ್ತು ದಿನ ಏಳಲಿಲ್ಲ. ಆ ಕಾಯಿಲೆಯಲ್ಲಿ ಮೈ ತಡೆಯುವುದಕ್ಕಿಂತ ಜಾಸ್ತಿ ಮಾಡಿದರೆ ಪೆಟ್ಟು ಬೀಳುವುದು ಮರುದಿನವೋ ಅದರಾಚೆಯೋ. ದಿನದಿನಕ್ಕೆ ವ್ಯಾಯಾಮ ಏರಿಸುವ ಚಿಕಿತ್ಸೆ ಬೇಡ ಅಂತ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಹೇಳಿತ್ತು. ನಾನು ಓದಿದ್ದು ಆಮೇಲೆ. ಆ ತಪ್ಪು ಇನ್ನೂ ಚುಚ್ಚುತ್ತದೆ.

ಗೆಳತಿಯ ಈ ಕಾಯಿಲೆಯಲ್ಲಿ ದೊಡ್ಡವರು ಪೂರ್ತಿ ಗುಣವಾಗುವುದು ನೂರಕ್ಕೆ ಐದರ ಆಸುಪಾಸು ಅಂತ ಹಳೆಯ ಅಧ್ಯಯನಗಳ ಲೆಕ್ಕ. ಸ್ವಲ್ಪ ಸುಧಾರಿಸುವವರು ಅದಕ್ಕಿಂತ ತುಂಬಾ ಜಾಸ್ತಿ. ಮಕ್ಕಳು ಚೇತರಿಸಿಕೊಳ್ಳುವುದು ಇನ್ನೂ ಹೆಚ್ಚು. ಕಹಿಯಾದರೂ ಈ ಮಾತನ್ನು ಮನೆಯವರಿಗೆ ಹೇಳಲೇಬೇಕು. ಇಲ್ಲದಿದ್ದರೆ ಮಲಗಿದವಳನ್ನು ಸೋಮಾರಿ ಅಂತಾರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಎರಡರ ಹೆಸರೂ ಇಲ್ಲ. ಆಫೀಸಿನಲ್ಲಿ ರಜೆ ಕೇಳುವಾಗ ಕೈಯಲ್ಲಿ ಏನು ತೋರಿಸುವುದು?

ಈಗ ಭಾನುವಾರ ಅವಳ ಮನೆಗೆ ನಾನೇ ಹೋಗುತ್ತೇನೆ. "ಇವತ್ತು ಎಷ್ಟು ಹೊತ್ತು ಆಗುತ್ತೆ?" ಅಂತ ಮೊದಲೇ ಫೋನ್ ಮಾಡಿ ಕೇಳುತ್ತೇನೆ. ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ ನಿಮಿಷ. ಕಾಫಿ ಲೋಟ ನಾನೇ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಬರುತ್ತೇನೆ.