ಚಂಡಮಾರುತ ಬಡಿದ ದೇಶಕ್ಕೆ ಸಾಲ ಕೊಡಬೇಕೋ, ಸುಮ್ನೆ ದುಡ್ಡು ಕೊಡಬೇಕೋ?

ಬಡ ದೇಶಗಳು ನೀರು, ಶಾಲೆ, ವಿದ್ಯುತ್ ಮಾಡಿಕೊಳ್ಳುವುದಕ್ಕೆ, ಹವಾಮಾನದ ಹೊಡೆತ ತಡೆದುಕೊಳ್ಳುವುದಕ್ಕೆ ಹೊರಗಿನಿಂದ ಹಣ ಬರುತ್ತದೆ. ಶ್ರೀಮಂತ ದೇಶಗಳು ಕೊಡುತ್ತವೆ, ವಿಶ್ವಬ್ಯಾಂಕ್, ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಕೊಡುತ್ತವೆ. ಈ ಹಣವೆಲ್ಲ ವಾಪಸ್ ಕೇಳದ ಅನುದಾನವೇ ಆಗಬೇಕಾ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ವಾಪಸ್ ಕೇಳುವ ಹಣಕ್ಕೆ ನೆರವು ಅನ್ನಬೇಡಿ

2019ರ ಮಾರ್ಚಿನಲ್ಲಿ ಇಡಾಯ್ ಚಂಡಮಾರುತ ಆಫ್ರಿಕಾದ ಮೊಜಾಂಬಿಕ್ ಮೇಲೆ ಅಪ್ಪಳಿಸಿತು. ಬೈರಾ ಎಂಬ ಬಂದರು ನಗರ ಬಹುಪಾಲು ಹಾಳಾಯಿತು. ಮುಂದಿನ ತಿಂಗಳು ಐಎಂಎಫ್ ಸುಮಾರು 11.8 ಕೋಟಿ ಡಾಲರ್ ತುರ್ತು ನೆರವು ಮಂಜೂರು ಮಾಡಿತು. ನೆರವು ಅಂದರೆ ಸಾಲ. ಬಡ್ಡಿಯಿಲ್ಲ, ಒಪ್ಪೋಣ, ಆದರೂ ಅಸಲು ಕಟ್ಟಲೇಬೇಕಲ್ವಾ? ಭೂಮಿ ಬಿಸಿಯಾಗುವಂತೆ ಹೊಗೆ ಬಿಟ್ಟವರ ಪಟ್ಟಿಯಲ್ಲಿ ಮೊಜಾಂಬಿಕ್ ಹೆಸರನ್ನು ಹುಡುಕಬೇಕು, ಅಷ್ಟು ಕೆಳಗಿದೆ. ಮನೆಗೆ ಬೆಂಕಿ ಹಚ್ಚಿದವನೇ ಬಂದು "ಹೆಂಚಿಗೆ ಸಾಲ ಕೊಡ್ತೀನಿ, ನಿಧಾನಕ್ಕೆ ತೀರಿಸು" ಅಂದ ಹಾಗಾಯಿತು.

ಕೊಟ್ಟ ಮಾತಿನ ಕತೆ ನೋಡಿ. 1970ರಲ್ಲಿ ವಿಶ್ವಸಂಸ್ಥೆಯಲ್ಲಿ ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ 0.7 ಶೇಕಡಾ ಕೊಡಬೇಕೆಂದು ಗುರಿ ಇಟ್ಟರು. 2024ರಲ್ಲಿ ಒಟ್ಟು ಲೆಕ್ಕ 0.33ರಲ್ಲಿ ನಿಂತಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಬಿಟ್ಟರೆ ಯಾರೂ ಗುರಿ ಮುಟ್ಟಲಿಲ್ಲ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಇನ್ನೊಂದು ಮಾತು ಕೊಟ್ಟರು, 2020ರ ಹೊತ್ತಿಗೆ ಹವಾಮಾನಕ್ಕಾಗಿ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ. ಅದು ಮುಟ್ಟಿದ್ದು 2022ರಲ್ಲಿ, ಅದೂ ಕೊಟ್ಟವರೇ ಹಾಕಿದ ಲೆಕ್ಕದಲ್ಲಿ. ಆ ಹಣದಲ್ಲಿ ಸರ್ಕಾರಗಳಿಂದ, ಅಭಿವೃದ್ಧಿ ಬ್ಯಾಂಕುಗಳಿಂದ ಬಂದ ಪಾಲಿನ ಮೂರರಲ್ಲಿ ಎರಡು ಭಾಗ ಸಾಲ.

ಸೋಲಾರ್ ಘಟಕಕ್ಕೆ ಸಾಲ ಕೊಟ್ಟರೆ ನಾನು ತಕರಾರು ಮಾಡಲ್ಲ. ಅದು ಕರೆಂಟ್ ಮಾರುತ್ತದೆ, ಕಂತು ಕಟ್ಟುತ್ತದೆ. ಕಡಲಿಗೆ ತಡೆಗೋಡೆ ಕಟ್ಟಿದರೆ ಏನು ಬರುತ್ತದೆ? ಚಂಡಮಾರುತದಿಂದ ತಪ್ಪಿಸಿಕೊಂಡು ಬಂದವರು ಉಳಿಯುವ ಕಟ್ಟಡಕ್ಕೆ ಬಾಡಿಗೆ ಕೇಳೋಕಾಗುತ್ತಾ? ಜನರ ಜೀವ ಉಳಿಯಿತು ಅನ್ನುವುದೇ ಅದರ ಲಾಭ, ಆ ಲಾಭ ಯಾವ ಬ್ಯಾಂಕಿನ ಪುಸ್ತಕಕ್ಕೂ ಜಮೆ ಆಗಲ್ಲ. ಆದಾಯವೇ ಇಲ್ಲದ ಕೆಲಸಕ್ಕೆ ಸಾಲ ಕೊಟ್ಟರೆ ಕಂತು ಎಲ್ಲಿಂದ ಬರಬೇಕು? ಶಾಲೆಯಿಂದ, ಆಸ್ಪತ್ರೆಯಿಂದ ಕಿತ್ತೇ ಕಟ್ಟಬೇಕು. ಈಗಾಗಲೇ 340 ಕೋಟಿ ಜನ ಇರುವ ದೇಶಗಳಲ್ಲಿ ಸರ್ಕಾರಗಳು ಆರೋಗ್ಯಕ್ಕೋ ಶಿಕ್ಷಣಕ್ಕೋ ಹಾಕುವುದಕ್ಕಿಂತ ಜಾಸ್ತಿ ಹಣವನ್ನು ಬಡ್ಡಿಗೆ ಸುರಿಯುತ್ತಿವೆ ಅಂತ ವಿಶ್ವಸಂಸ್ಥೆಯೇ 2025ರಲ್ಲಿ ಹೇಳಿದೆ.

ಸಾಲ ಮುಳುಗಿದರೆ ಮೇಲೆತ್ತುವ ವ್ಯವಸ್ಥೆಯಾದರೂ ಇದೆಯಾ? ಆಫ್ರಿಕಾದ ಜಾಂಬಿಯಾ 2020ರ ನವೆಂಬರಿನಲ್ಲಿ ಸಾಲ ಕಟ್ಟಲಾಗಲ್ಲ ಅಂತ ಕೈ ಎತ್ತಿತು. ಸಾಲ ಕೊಟ್ಟ ಸರ್ಕಾರಗಳು ರಾಜಿಗೆ ಬಂದದ್ದು 2023ರಲ್ಲಿ, ಬಾಂಡ್ (ಸಾಲಪತ್ರ) ಹಿಡಿದವರು 2024ರಲ್ಲಿ. ಅದೇ 2024ರಲ್ಲಿ ಅಲ್ಲಿ ಭೀಕರ ಬರ, ಮೆಕ್ಕೆಜೋಳ ಒಣಗಿತು, ಕರೀಬಾ ಜಲಾಶಯ ಬತ್ತಿ ದಿನದ ಬಹುಪಾಲು ಕರೆಂಟ್ ಇಲ್ಲ. ಇಂಥ ದೇಶಕ್ಕೆ ಮತ್ತೆ ಸಾಲ ಕೊಡುತ್ತೇವೆ ಅನ್ನುವವರಿಗೆ ಏನು ಹೇಳೋದು?

ವಿರೋಧ: ಧರ್ಮದ ದುಡ್ಡು ನಂಬಿ ದೇಶ ಕಟ್ಟೋಕಾಗಲ್ಲ

ಮೊಜಾಂಬಿಕ್ ಕತೆಯಲ್ಲಿ ಅರ್ಧ ಮಾತ್ರ ಹೇಳಿದರು. ಅಲ್ಲಿನ ಸರ್ಕಾರ ಕಡಲ ಕಾವಲು, ಹಡಗುಕಟ್ಟೆಗಳ ಹೆಸರಿನಲ್ಲಿ ಗುಟ್ಟಾಗಿ ದೊಡ್ಡ ಸಾಲಗಳಿಗೆ ಜಾಮೀನು ನಿಂತದ್ದು 2016ರಲ್ಲಿ ಹೊರಬಿತ್ತು. ಅನುದಾನ ಕೊಡುತ್ತಿದ್ದ ದೇಶಗಳು ಬಜೆಟ್‌ಗೆ ಕೊಡುವ ಹಣವನ್ನು ತಕ್ಷಣ ನಿಲ್ಲಿಸಿದವು. ತಪ್ಪು ಮಾಡಿದವರು ಕೆಲವರು, ಪೆಟ್ಟು ಬಿದ್ದದ್ದು ಎಲ್ಲರಿಗೆ. ಅಲ್ಲಾದರೂ ಒಂದು ಕಾರಣ ಇತ್ತು. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಎಚ್‌ಐವಿ ಔಷಧಿ, ತಾಯಿ-ಮಕ್ಕಳ ಚಿಕಿತ್ಸೆ ಅದರ ಮೇಲೆ ನಿಂತಿದ್ದ ಆಫ್ರಿಕಾದ ದೇಶಗಳು ಏನು ತಪ್ಪು ಮಾಡಿದ್ದವು? ಬ್ರಿಟನ್ 2021ರಲ್ಲಿ 0.7ರಿಂದ 0.5ಕ್ಕೆ ಇಳಿಯಿತು, 2027ಕ್ಕೆ 0.3 ಅಂತ ಹೇಳಿದೆ. ಅಲ್ಲಿಯ ಚುನಾವಣೆ, ಅಲ್ಲಿಯ ಬಜೆಟ್, ಅಲ್ಲಿಯ ಸಿಟ್ಟು, ಇವುಗಳ ಮೇಲೆ ಇಲ್ಲಿಯ ಆಸ್ಪತ್ರೆ ನಡೆಯಬೇಕು ಅನ್ನುವುದೇ ಅನುದಾನದ ದೊಡ್ಡ ರೋಗ. ಸಾಲಕ್ಕೆ ಕರಾರು ಅಂತ ಒಂದಿರುತ್ತದೆ, ಎರಡೂ ಕಡೆಯವರು ಸಹಿ ಹಾಕಿರುತ್ತಾರೆ.

ಇನ್ನು ಲೆಕ್ಕ. ವಿಶ್ವಬ್ಯಾಂಕಿನಲ್ಲಿ ಕಡುಬಡ ದೇಶಗಳಿಗಾಗಿ 1960ರಲ್ಲಿ ಹುಟ್ಟಿದ ಐಡಿಎ ಎಂಬ ವಿಭಾಗವಿದೆ. 2024ರ ಡಿಸೆಂಬರಿನಲ್ಲಿ ದೇಶಗಳು ಅದಕ್ಕೆ 2,370 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದನ್ನು ಬುಡವಾಗಿಟ್ಟು, ಮಾರುಕಟ್ಟೆಯಿಂದ ಸಾಲ ಎತ್ತಿ, ಹಳೇ ಸಾಲದ ವಸೂಲಿಯನ್ನೂ ಸೇರಿಸಿ ಐಡಿಎ 10,000 ಕೋಟಿ ಡಾಲರ್ ಹಂಚಬಲ್ಲದು. ಎಲ್ಲವನ್ನೂ ಅನುದಾನ ಮಾಡಿ, ಈ ನಾಲ್ಕು ಪಟ್ಟು ಎಲ್ಲಿಂದ ಬರುತ್ತೆ ಹೇಳಿ. ಸಾಲದಲ್ಲಿ ಮುಳುಗುವ ಅಪಾಯ ಜಾಸ್ತಿ ಇರುವ ದೇಶಗಳಿಗೆ ಐಡಿಎ ಈಗಲೂ ಅನುದಾನವನ್ನೇ ಕೊಡುತ್ತದೆ, ಅದು ಮುಂದುವರಿಯಲಿ, ಹೆಚ್ಚಲಿ. ಮೇಲಿನ ಒಪ್ಪಂದ ಆದದ್ದು ಸೋಲ್‌ನಲ್ಲಿ. ದಕ್ಷಿಣ ಕೊರಿಯಾ ಒಂದು ಕಾಲಕ್ಕೆ ಇದೇ ಐಡಿಎಯಿಂದ ಸಾಲ ಪಡೆದ ದೇಶ. ಭಾರತವೂ ಬಹಳ ವರ್ಷ ಅದರ ಅತಿ ದೊಡ್ಡ ಗಿರಾಕಿ, 2014ರಲ್ಲಿ ಆ ಪಟ್ಟಿಯಿಂದ ಹೊರಬಂದು ಈಗ ಅದಕ್ಕೆ ಹಣ ಕೊಡುತ್ತಿದೆ.

ನಮ್ಮಲ್ಲೇ ನೋಡಿ. 2002ರ ಸುಮಾರಿಗೆ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಹಳ್ಳಿ ಕೆರೆಗಳ ಹೂಳೆತ್ತಿದ್ದು, ಕೆರೆ ಬಳಕೆದಾರರ ಸಂಘ ಮಾಡಿದ್ದು ವಿಶ್ವಬ್ಯಾಂಕ್ ಸಾಲದಲ್ಲಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಮೊದಲು ಬಂದದ್ದೂ ಹಾಗೇ. ಇನ್ನೊಂದು ಹೆಚ್ಚು ಜನಕ್ಕೆ ನೆನಪಿಲ್ಲ. 90ರ ದಶಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಸಂತ್ರಸ್ತರಿಗೆ ಪುನರ್ವಸತಿ ಸರಿಯಾಗುತ್ತಿಲ್ಲ ಅಂತ ವಿಶ್ವಬ್ಯಾಂಕ್ ಹಣ ಬಿಡುಗಡೆಯನ್ನೇ ತಡೆಹಿಡಿದಿತ್ತು. ಸಂತ್ರಸ್ತರ ಗೋಳು ಅಲ್ಲಿಗೆ ಮುಗಿಯಲಿಲ್ಲ, ಆ ಕತೆ ಬೇರೆ. ಆದರೆ ಕರಾರಿನಲ್ಲಿ ಷರತ್ತು ಇದ್ದದ್ದಕ್ಕೇ ಸರ್ಕಾರ ಆ ಕಡೆ ತಿರುಗಿ ನೋಡಬೇಕಾಯಿತು.

ತಡೆಗೋಡೆ ಕಂತು ಕಟ್ಟಲ್ಲ ಅನ್ನುವ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ ಕರಾರನ್ನು ತಿದ್ದಬಹುದು. ಕೆರಿಬಿಯನ್ ದ್ವೀಪ ದೇಶ ಗ್ರೆನಡಾ ತನ್ನ ಬಾಂಡಿನಲ್ಲಿ ಚಂಡಮಾರುತ ಬಂದರೆ ಕಂತು ಮುಂದಕ್ಕೆ ಅಂತ ಬರೆಸಿಕೊಂಡಿತ್ತು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂತು, ಕಂತು ಮುಂದಕ್ಕೆ ಹೋಯಿತು. ಬೇಡಬೇಕಾಗಲಿಲ್ಲ. ಎಲ್ಲ ಸಾಲದಲ್ಲೂ ಈ ಸಾಲು ಇರಲಿ.

ಅದಕ್ಕಿಂತ ದೊಡ್ಡ ಜಗಳ ಮತದಾನದ ಹಕ್ಕಿನದ್ದು. ಐಎಂಎಫ್‌ನಲ್ಲಿ ದೊಡ್ಡ ಬದಲಾವಣೆಗೆ 85 ಶೇಕಡಾ ಮತ ಬೇಕು, ಅಮೆರಿಕದ ಕೈಯಲ್ಲೇ 16 ಶೇಕಡಾಕ್ಕಿಂತ ಜಾಸ್ತಿ ಇದೆ, ಅಂದರೆ ಅದು ಬೇಡ ಅಂದರೆ ಮುಗೀತು. 2021ರಲ್ಲಿ ಕೋವಿಡ್ ಅಂತ ಐಎಂಎಫ್ 65,000 ಕೋಟಿ ಡಾಲರ್ ಬೆಲೆಯ ಎಸ್‌ಡಿಆರ್ (ದೇಶಗಳು ಡಾಲರಿನಂಥ ಹಣಕ್ಕೆ ಬದಲಾಯಿಸಿಕೊಳ್ಳಬಹುದಾದ ಮೀಸಲು) ಹಂಚಿದಾಗ ಐಎಂಎಫ್‌ನಲ್ಲಿ ಒಂದೊಂದು ದೇಶಕ್ಕಿರುವ ಪಾಲಿನ ಪ್ರಕಾರ ಇಡೀ ಆಫ್ರಿಕಾಕ್ಕೆ ಸಿಕ್ಕಿದ್ದು ಸುಮಾರು 3,300 ಕೋಟಿ. ಅನುದಾನ ಕೊಡಿ ಅಂತ ಕೂಗುವ ಬದಲು ಈ ಪಾಲಿಗೆ ಜಗಳ ಆಡಿದರೆ ಆಫ್ರಿಕಾಕ್ಕೆ ಹೆಚ್ಚು ಸಿಗುತ್ತದೆ.

ಅಂದಹಾಗೆ, 2022ರಲ್ಲಿ ಶ್ರೀಲಂಕಾ ಮುಳುಗಿದಾಗ ಭಾರತ ಹತ್ತಿರಹತ್ತಿರ 400 ಕೋಟಿ ಡಾಲರ್ ನೆರವು ಕೊಟ್ಟಿತು. ಅದರಲ್ಲಿ ಬಹುಪಾಲು ಸಾಲ. ಎಲ್ಲವೂ ಅನುದಾನವೇ ಆಗಬೇಕು ಅನ್ನುವವರು ದೆಹಲಿಗೂ ಅದನ್ನೇ ಹೇಳುತ್ತಾರಾ?