ಕೈಗಡಿಯಾರ ತೋರಿಸುವ ಹುಡುಗ, ಗಡಿಯಾರ ನೋಡದ ಕ್ಲಬ್ಬು

ಸ್ಪೇನಿನ ಫುಟ್‌ಬಾಲ್ ಆಟಗಾರ ಡಾನಿ ಓಲ್ಮೊ ಗೋಲು ಹೊಡೆದರೆ ಪಲ್ಟಿ ಹೊಡೆಯುವುದಿಲ್ಲ, ಅಂಗಿ ಬಿಚ್ಚಿ ಎಸೆಯುವುದಿಲ್ಲ. ಒಂದು ಕೈ ಎತ್ತುತ್ತಾನೆ. ಇನ್ನೊಂದು ಕೈಯ ಬೆರಳಿನಿಂದ ಮಣಿಕಟ್ಟು ತೋರಿಸುತ್ತಾನೆ. ಅಲ್ಲಿ ವಾಚು ಇರುವುದಿಲ್ಲ. ಆದರೂ ‘ಟೈಮ್ ಎಷ್ಟಾಯ್ತು ನೋಡ್ಕೊಳ್ಳಿ’ ಅನ್ನುವ ಹಾಗೆ ಗ್ಯಾಲರಿ ಕಡೆ ಓಡುತ್ತಾನೆ.

ಗ್ಯಾಲರಿಗೆ ತೋರಿಸಿ ಏನು ಪ್ರಯೋಜನ? ತೋರಿಸಬೇಕಾಗಿದ್ದದ್ದು ಕ್ಲಬ್ಬಿನ ಲೆಕ್ಕದ ಕೋಣೆಗೆ.

2024ರ ಡಿಸೆಂಬರ್ 31. ಸ್ಪೇನಿನಲ್ಲಿ ಆ ರಾತ್ರಿ ಗಡಿಯಾರ ಹನ್ನೆರಡು ಬಾರಿ ಬಡಿಯುವಾಗ ಒಂದೊಂದು ಬಡಿತಕ್ಕೆ ಒಂದೊಂದು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಹನ್ನೆರಡೂ ತಿಂದರೆ ವರ್ಷವೆಲ್ಲ ಅದೃಷ್ಟ ಅಂತ ನಂಬಿಕೆ. ಆ ಹನ್ನೆರಡನೇ ದ್ರಾಕ್ಷಿ ಗಂಟಲಿಳಿಯುವ ಹೊತ್ತಿಗೆ, ಎಫ್‌ಸಿ ಬಾರ್ಸಿಲೋನಾದ ಮಿಡ್‌ಫೀಲ್ಡರ್ ಓಲ್ಮೊಗೆ ಬಾರ್ಸಿಲೋನಾ ಪರ ಆಡುವ ಹಕ್ಕೇ ಇರಲಿಲ್ಲ. ಕರಾರು ಇದೆ, ಸಂಬಳ ಇದೆ, 20ನೇ ನಂಬರಿನ ಅಂಗಿಯೂ ಇದೆ. ಲೀಗಿನ ವೆಬ್‌ಸೈಟಿನಲ್ಲಿ ತಂಡದ ಪಟ್ಟಿ ತೆಗೆದರೆ ಹೆಸರು ಮಾತ್ರ ಮಾಯ.

ನನ್ನ ಅಕ್ಕನ ಮಗ ಬಾರ್ಸಾ ಭಕ್ತ. ಕೇಳಿದ.

“ಮಾಮಾ, ರೆಡ್ ಕಾರ್ಡ್ ಸಿಕ್ಕಿತ್ತಾ?”

“ಇಲ್ಲಪ್ಪ.”

“ಕಾಲಿಗೆ ಪೆಟ್ಟಾ?”

“ಇಲ್ಲ.”

“ಮತ್ತೆ?”

“ಲೆಕ್ಕ ತಾಳೆ ಆಗಿಲ್ಲ ಕಣೋ.”

ಹುಡುಗ ನನ್ನ ಮುಖ ನೋಡಿದ. ಫುಟ್‌ಬಾಲ್ ಪ್ರಶ್ನೆಗೆ ಮಾಮ ಸುಮ್ನೆ ಬ್ಯಾಂಕಿನ ಮಾತು ಆಡ್ತಿದ್ದಾನೆ ಅಂದುಕೊಂಡ. ಅವನ ತಪ್ಪೇನಿಲ್ಲ. ಈ ಕತೆಯನ್ನು ಮೊದಲಿಂದ ಹೇಳದೆ ಅರ್ಥ ಆಗೋದಿಲ್ಲ. ಮೊದಲಿಂದ ಹೇಳಿದರೂ ಅರ್ಥ ಆಗುತ್ತದೆ ಅಂತ ನಾನೇನೂ ಮಾತು ಕೊಡುವುದಿಲ್ಲ.

ಓಲ್ಮೊ ಹುಟ್ಟಿದ್ದು 1998ರಲ್ಲಿ, ಬಾರ್ಸಿಲೋನಾದ ಪಕ್ಕದ ತೆರಾಸಾ ಎಂಬ ಊರಿನಲ್ಲಿ. ಮೊದಲು ಎಸ್ಪಾನ್ಯೋಲ್ ಕ್ಲಬ್ಬಿನ ಮಕ್ಕಳ ತಂಡದಲ್ಲಿದ್ದ. 2007ರಲ್ಲಿ ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಗೆ ಬಂದ. ಏಳು ವರ್ಷ ಅಲ್ಲೇ ಕಲಿತ. 2014ರಲ್ಲಿ, 16ನೇ ವಯಸ್ಸಿಗೆ, ಗಂಟುಮೂಟೆ ಕಟ್ಟಿಕೊಂಡು ಕ್ರೊವೇಷಿಯಾದ ಡೈನಮೋ ಜಾಗ್ರೆಬ್‌ಗೆ ಹೊರಟ. ಲಾ ಮಾಸಿಯಾ ಬಿಟ್ಟು ಜಾಗ್ರೆಬ್ಬಿಗೆ! ಊರಿನ ದೊಡ್ಡ ಕಾಲೇಜಿನಲ್ಲಿ ಸೀಟಿದ್ದವನು ಬಿಟ್ಟು ಹೋದ ಹಾಗೆ. ಆದರೆ ಹುಡುಗ ಅಲ್ಲಿ ಅವರ ಭಾಷೆ ಕಲಿತ, ಅವರ ಲೀಗ್ ಗೆದ್ದ. ಆ ಕ್ಲಬ್ಬಿನಲ್ಲಿ ಇದ್ದುಕೊಂಡೇ 2019ರ ನವೆಂಬರಿನಲ್ಲಿ ಸ್ಪೇನ್ ತಂಡಕ್ಕೆ ಆಯ್ಕೆಯಾದ. ಮಾಲ್ಟಾ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಆಮೇಲೆ ಜರ್ಮನಿಯ ಲೈಪ್‌ಜಿಗ್. ಅಲ್ಲಿ ಎರಡು ಸಲ ಜರ್ಮನ್ ಕಪ್. 2023ರ ಸೂಪರ್ ಕಪ್ಪಿನಲ್ಲಿ ಬಾಯರ್ನ್ ಮ್ಯೂನಿಕ್ ಎದುರು ಮೂರು ಗೋಲು, ಮೂರನ್ನೂ ಇವನೊಬ್ಬನೇ ಹೊಡೆದ.

2024ರ ಯೂರೋ ಕಪ್ ಬಂತು. ಜರ್ಮನಿ ವಿರುದ್ಧದ ಪಂದ್ಯದಲ್ಲಿ ಎಂಟನೇ ನಿಮಿಷಕ್ಕೇ ಪೆಡ್ರಿಗೆ ಪೆಟ್ಟಾಯಿತು, ಓಲ್ಮೊ ಒಳಗೆ ಬಂದ. ಒಂದು ಗೋಲು ಹೊಡೆದ, ಗೆಲುವಿನ ಗೋಲಿಗೆ ಚೆಂಡು ಕೊಟ್ಟ. ಸೆಮಿಫೈನಲಿನಲ್ಲಿ ಫ್ರಾನ್ಸಿಗೂ ಹೊಡೆದ. ಬರ್ಲಿನ್ನಿನ ಫೈನಲಿನಲ್ಲಿ ಮಾತ್ರ ಗೋಲು ಹೊಡೆಯಲಿಲ್ಲ, ಉಳಿಸಿದ. ಸ್ಪೇನ್ 2–1ರಿಂದ ಮುಂದಿತ್ತು, ಕೊನೇ ಗಳಿಗೆ. ಇಂಗ್ಲೆಂಡಿನ ಗೇಹಿ ತಲೆಕೊಟ್ಟ ಚೆಂಡು ಗೋಲಿನೊಳಗೆ ಹೋಗಿಯೇ ಬಿಡ್ತು ಅನ್ನುವಾಗ, ಗೆರೆಯ ಮೇಲೆ ನಿಂತಿದ್ದ ಓಲ್ಮೊ ತಲೆಯಿಂದ ಆಚೆ ತಳ್ಳಿದ. ಗೆರೆಯ ಮೇಲೆ ಅಂದರೆ ಗೆರೆಯ ಮೇಲೇ. ಒಂದು ಅಡಿ ಹಿಂದೆ ನಿಂತಿದ್ದರೆ ಕತೆ ಮುಗಿದಿತ್ತು.

ಈಗ ಬಾರ್ಸಿಲೋನಾಗೆ ನೆನಪಾಯಿತು. ‘ಅಯ್ಯೋ, ಇವನು ನಮ್ಮ ಹುಡುಗ ಅಲ್ವಾ!’

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರನ್ನು ನಾವು ನೋಡಿದ್ದೇವೆ. ಇವರು ಒಂದು ಹೆಜ್ಜೆ ಮುಂದೆ. ಬೆಣ್ಣೆಯನ್ನು ಪರವೂರಿಗೆ ಬಿಟ್ಟುಕೊಟ್ಟು, ಅಲ್ಲಿ ಬೇರೆಯವರ ಒಲೆಯಲ್ಲಿ ಕಾದ ತುಪ್ಪವನ್ನು 55 ಮಿಲಿಯನ್ ಯೂರೋ ಕೊಟ್ಟು ವಾಪಸ್ ತಂದರು. ಆಗಿನ ದರದಲ್ಲಿ ನಮ್ಮ ಲೆಕ್ಕಕ್ಕೆ ಸುಮಾರು 500 ಕೋಟಿ ರೂಪಾಯಿ. ಮೇಲೆ ಒಂದಿಷ್ಟು ಬೋನಸ್ ಬೇರೆ. ಕರಾರು 2030ರವರೆಗೆ. ಬೇರೆ ಕ್ಲಬ್ಬಿನವರು ಒಯ್ಯಬೇಕೆಂದರೆ 500 ಮಿಲಿಯನ್ ಯೂರೋ ಕಟ್ಟಬೇಕು ಅಂತ ಷರತ್ತು. ಮುಂಬಾಗಿಲಿಗೆ ಅಷ್ಟು ದೊಡ್ಡ ಬೀಗ. ಲೀಗಿನಲ್ಲಿ ಹೆಸರು ನೋಂದಣಿ ಆಗದಿದ್ದರೆ ಹುಡುಗ ಒಂದು ಪೈಸೆಯೂ ಕಟ್ಟಿಸದೆ ಹೊರಡಬಹುದು ಅಂತ ಒಳಷರತ್ತು ಇದೆ ಅಂತ ಸ್ಪೇನಿನ ಪತ್ರಿಕೆಗಳು ಬರೆದವು. ಅಲ್ಲಿಗೆ ಹಿತ್ತಲ ಬಾಗಿಲಿಗೆ ಚಿಲಕವೂ ಇಲ್ಲ.

ಸರಿ, ನೋಂದಣಿ ಯಾಕೆ ಆಗಲಿಲ್ಲ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನು ಸ್ಪೇನಿನ ಫುಟ್‌ಬಾಲ್ ಲೀಗು ಲಾ ಲಿಗಾ ಕಾನೂನೇ ಮಾಡಿದೆ. ಪ್ರತಿ ಕ್ಲಬ್ಬಿನ ಆದಾಯ, ಖರ್ಚು, ಸಾಲ ನೋಡಿ ಆಟಗಾರರ ಮೇಲೆ ಇಷ್ಟೇ ಸುರಿಯಬಹುದು ಅಂತ ಒಂದು ಮಿತಿ ಹಾಕುತ್ತಾರೆ. ಮಿತಿಯೊಳಗಿದ್ದರೆ ಒಂದು ಯೂರೋ ಉಳಿಸಿದ್ದಕ್ಕೆ ಒಂದು ಯೂರೋ ಖರ್ಚು ಮಾಡಬಹುದು. ಮಿತಿ ದಾಟಿದ್ದರೆ ಉಳಿಸಿದ್ದರಲ್ಲಿ ಒಂದು ಪಾಲು ಮಾತ್ರ. ಬಾರ್ಸಿಲೋನಾದ ಪದ್ಧತಿ ಏನಪ್ಪಾ ಅಂದರೆ, ಮೊದಲು ಕಾಲು ಚಾಚುವುದು. ಆಮೇಲೆ ಹಾಸಿಗೆ ಎಲ್ಲಿ ಅಂತ ಹುಡುಕುವುದು.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಈ ಲೆಕ್ಕದ ಜಾಗಕ್ಕೆ ಸ್ಪೇನಿನಲ್ಲಿ ಎಲ್ಲರೂ ‘ಫೇರ್ ಪ್ಲೇ’ ಅನ್ನುತ್ತಾರೆ. ‘ಬಾರ್ಸಾ ಹತ್ತಿರ ಎಷ್ಟು ಫೇರ್ ಪ್ಲೇ ಇದೆ?’ ‘ಒಬ್ಬರನ್ನು ಮಾರಿದರೆ ಇನ್ನಷ್ಟು ಫೇರ್ ಪ್ಲೇ ಬರುತ್ತದೆ.’ ಬಿದ್ದ ಎದುರಾಳಿಗೆ ಕೈಕೊಟ್ಟು ಎಬ್ಬಿಸುವುದಕ್ಕೆ ಇದ್ದ ಮಾತು ಅದು. ಈಗ ಪಾಸ್‌ಬುಕ್ಕಿನ ಬ್ಯಾಲೆನ್ಸಿನ ಹೆಸರು.

2024ರ ಆಗಸ್ಟಿನಲ್ಲಿ ಫೇರ್ ಪ್ಲೇ ಇರಲಿಲ್ಲ. ವೆಲೆನ್ಸಿಯಾ ವಿರುದ್ಧ, ಅಥ್ಲೆಟಿಕ್ ಬಿಲ್ಬಾವೊ ವಿರುದ್ಧ, ಎರಡು ಪಂದ್ಯಕ್ಕೂ ಯೂರೋ ಕಪ್ಪಿನ ಹೀರೋ ಪ್ರೇಕ್ಷಕ. ಅಷ್ಟರಲ್ಲಿ ಡಿಫೆಂಡರ್ ಆಂಡ್ರಿಯಾಸ್ ಕ್ರಿಸ್ಟೆನ್ಸನ್ ಹಿಮ್ಮಡಿಯ ನರಕ್ಕೆ ಏಟಾಯಿತು. ದೀರ್ಘ ಕಾಲ ಆಟ ಇಲ್ಲ. ಬೇರೆ ಕ್ಲಬ್ಬಿನಲ್ಲಾದರೆ ಮುಖ ಬಾಡಬೇಕು. ಇಲ್ಲಿ ಲೆಕ್ಕಿಗರ ಮುಖ ಅರಳಿರಬೇಕು. ಯಾಕೆಂದರೆ ನಿಯಮದಲ್ಲಿ ಒಂದು ಸಂದು ಇದೆ. ದೊಡ್ಡ ಗಾಯವಾದರೆ ಆ ಆಟಗಾರನ ಸಂಬಳದ ಲೆಕ್ಕದಲ್ಲಿ ಶೇ 80ರಷ್ಟನ್ನು ಇನ್ನೊಬ್ಬನ ನೋಂದಣಿಗೆ ಬಳಸಬಹುದು. ಹಾಗೆ ಕ್ರಿಸ್ಟೆನ್ಸನ್ನನ ಹಿಮ್ಮಡಿಯ ಪುಣ್ಯದಿಂದ ಓಲ್ಮೊ ಒಳಗೆ ಬಂದ. ಆಗಸ್ಟ್ 27, ರಾಯೊ ವಾಯೆಕಾನೊ ವಿರುದ್ಧದ ಪಂದ್ಯ. ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಬಾರ್ಸಾ ಒಂದು ಗೋಲು ಹಿಂದೆ. ಅರ್ಧಕ್ಕೆ ಓಲ್ಮೊ ಬಂದ. 82ನೇ ನಿಮಿಷಕ್ಕೆ ಗೆಲುವಿನ ಗೋಲು ಹೊಡೆದ. ಒಂದೂವರೆ ತಿಂಗಳಿಂದ ಚೆಂಡು ಇವನನ್ನೇ ಕಾಯುತ್ತಾ ಕೂತಿದ್ದ ಹಾಗಿತ್ತು.

ಆದರೆ ಗಾಯದ ಚೀಟಿಗೆ ಅವಧಿ ಇರುತ್ತದೆ. ಇವನದು ಡಿಸೆಂಬರ್ 31. ನಾಲ್ಕು ತಿಂಗಳು ಮುಂಚೆಯೇ ಗೊತ್ತಿದ್ದ ತಾರೀಕು. ಕೊನೇ ದಿನದ ಸಂಜೆ ಕ್ಸೆರಾಕ್ಸ್ ಅಂಗಡಿಗೆ ಓಡುವ ಜಾತಿ ನಮ್ಮದು ಮಾತ್ರ ಅಂದುಕೊಂಡಿದ್ದೆ. ಸಮಾಧಾನವಾಯಿತು.

ಬಾರ್ಸಿಲೋನಾಗೆ ಇದೇನೂ ಹೊಸದಲ್ಲ. 2021ರಲ್ಲಿ ಮೆಸ್ಸಿಯನ್ನೇ ನೋಂದಣಿ ಮಾಡಲಾಗದೆ ಕಣ್ಣೀರು ಹಾಕಿಸಿ ಕಳಿಸಿದವರು. 2023ರ ಜನವರಿಯಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್ ಗಾವಿಗೆ ಮೊದಲ ತಂಡದ 6ನೇ ನಂಬರ್ ಅಂಗಿ ಸಿಕ್ಕಿದ್ದು ಕೋರ್ಟಿನ ಆದೇಶದಿಂದ. ನಡುವೆ 2022ರಲ್ಲಿ ‘ಪಲಾಂಕಾ’ ಎಂಬ ವಿದ್ಯೆ ಕಂಡುಹಿಡಿದರು. ಪಲಾಂಕಾ ಅಂದರೆ ಸನ್ನೆಕೋಲು. ಲೀಗಿನ ಟಿವಿ ಹಕ್ಕಿನಿಂದ ಬರುವ ದುಡ್ಡಿನಲ್ಲಿ ಕಾಲು ಭಾಗವನ್ನು 25 ವರ್ಷಕ್ಕೆ ಸಿಕ್ಸ್‌ತ್ ಸ್ಟ್ರೀಟ್ ಎಂಬ ಹೂಡಿಕೆ ಕಂಪನಿಗೆ ಬರೆದುಕೊಟ್ಟರು. ಕ್ಲಬ್ಬಿನ ವಿಡಿಯೋ ತಯಾರಿಸುವ ಬಾರ್ಸಾ ಸ್ಟುಡಿಯೋಸ್‌ನ ಹತ್ತಿರ ಹತ್ತಿರ ಅರ್ಧವನ್ನೂ ಮಾರಿದರು. ನಮ್ಮ ಕಡೆ ಇದಕ್ಕೆ ಅಡವಿಡೋದು ಅಂತಾರೆ. ಸನ್ನೆಕೋಲು ಅಂದರೆ ಗೌರವ ಜಾಸ್ತಿ, ಅಷ್ಟೇ.

ಈ ಸಲದ ಸನ್ನೆಕೋಲು ಕುರ್ಚಿಗಳು. ಕ್ಯಾಂಪ್ ನೌ ಕ್ರೀಡಾಂಗಣವನ್ನು 2023ರಿಂದ ಒಡೆದು ಕಟ್ಟುತ್ತಿದ್ದರು. ತಂಡ ಮೊಂಜುಯಿಕ್ ಬೆಟ್ಟದ ಒಲಿಂಪಿಕ್ ಮೈದಾನದಲ್ಲಿ ಬಿಡಾರ ಹೂಡಿತ್ತು. ಆ ಕಟ್ಟುತ್ತಿರುವ ಕ್ರೀಡಾಂಗಣದ 475 ವಿಐಪಿ ಆಸನಗಳ ಹಕ್ಕನ್ನು ಕತಾರ್ ಮತ್ತು ಯುಎಇ ಕಡೆಯ ಹೂಡಿಕೆದಾರರಿಗೆ 100 ಮಿಲಿಯನ್ ಯೂರೋಗೆ ಮಾರಿದರು. ಭಾಗಿಸಿ ನೋಡಿದೆ. ಒಂದು ಕುರ್ಚಿಗೆ ಎರಡು ಲಕ್ಷ ಯೂರೋ ದಾಟುತ್ತದೆ. ಆಗಿನ ದರದಲ್ಲಿ ಎರಡು ಕೋಟಿ ರೂಪಾಯಿಗೆ ಸ್ವಲ್ಪ ಕಮ್ಮಿ. ಇನ್ನೂ ಗಾರೆ ಒಣಗದ ಜಾಗದಲ್ಲಿ, ಮುಂದೆಂದೋ ಯಾರೋ ಕೂರಲಿರುವ ಕುರ್ಚಿ. ಅದನ್ನು ಮಾರಿ, ಇವತ್ತು ಬೆಂಚಿನ ಮೇಲೂ ಕೂರಲು ಅನುಮತಿ ಇಲ್ಲದ ಹುಡುಗನಿಗೆ ಜಾಗ ಮಾಡಬೇಕು.

ಇದರ ಜೊತೆಗೆ ಡಿಸೆಂಬರ್ ಕೊನೆಯಲ್ಲಿ ಬಾರ್ಸಿಲೋನಾದ ಎರಡು ಕೋರ್ಟುಗಳ ಬಾಗಿಲೂ ತಟ್ಟಿದ್ದಾಯಿತು. ಎರಡೂ ಕಡೆ ಇಲ್ಲ ಅಂದರು. ಕಾಗದ ಪತ್ರ ಪೂರ್ತಿ ಸೇರುವಷ್ಟರಲ್ಲಿ ದ್ರಾಕ್ಷಿ ತಿಂದು ಮುಗಿದಿತ್ತು.

ಜನವರಿ 3ಕ್ಕೆ ಲಾ ಲಿಗಾ, ‘ಸರಿ, ಈಗ ನಿಮ್ಮ ಲೆಕ್ಕ ಸರಿ ಹೋಯ್ತು’ ಅಂದಿತು. ಜನವರಿ 4ಕ್ಕೆ ಲೀಗು ಮತ್ತು ಸ್ಪೇನಿನ ಫುಟ್‌ಬಾಲ್ ಫೆಡರೇಶನ್ ಸೇರಿ, ‘ಆದರೂ ಆಡುವ ಲೈಸೆನ್ಸ್ ಕೊಡೋಕೆ ಆಗಲ್ಲ’ ಅಂದವು. ಕಾರಣ, ಲೈಸೆನ್ಸ್ ಒಮ್ಮೆ ರದ್ದಾದ ಆಟಗಾರನಿಗೆ ಅದೇ ಋತುವಿನಲ್ಲಿ ಅದೇ ಕ್ಲಬ್ಬಿನಲ್ಲಿ ಮತ್ತೆ ಕೊಡುವ ಹಾಗಿಲ್ಲವಂತೆ. ಅಂದರೆ ಓಲ್ಮೊಗೆ ಬಾಗಿಲು ಮುಚ್ಚಿದ್ದು ಒಂದೇ ಮನೆಯಲ್ಲಿ. ಅದು ಅವನ ಸ್ವಂತ ಮನೆ. ಅದೇ ದಿನ ತಂಡ ನಾಲ್ಕನೇ ದರ್ಜೆಯ ಬಾರ್ಬಾಸ್ಟ್ರೊ ಎಂಬ ಪುಟ್ಟ ಊರಿನ ತಂಡದ ವಿರುದ್ಧ ಆಡಿ 4–0ರಿಂದ ಗೆದ್ದಿತು. ಅಲ್ಲಿಯ ಹುಡುಗರೆಲ್ಲರಿಗೂ ಲೈಸೆನ್ಸ್ ಇತ್ತು.

ಓಲ್ಮೊ ಜೊತೆ ಇದೇ ಕೆಸರಲ್ಲಿ ಸಿಕ್ಕಿದ್ದ ಪಾವ್ ವಿಕ್ತೋರ್ ಎಂಬ ಇನ್ನೊಬ್ಬ ಹುಡುಗನೂ ಇದ್ದ. ಅವನ ಬಗ್ಗೆ ಯಾರೂ ಜಾಸ್ತಿ ಬರೆಯಲಿಲ್ಲ. 500 ಕೋಟಿಯ ಪಕ್ಕದಲ್ಲಿ ನಿಂತರೆ ಅಷ್ಟೇ ಗತಿ.

ಇಬ್ಬರನ್ನೂ ಕರೆದುಕೊಂಡು ತಂಡ ಸ್ಪ್ಯಾನಿಶ್ ಸೂಪರ್ ಕಪ್ ಆಡಲು ಜೆಡ್ಡಾಕ್ಕೆ ಹೊರಟಿತು. ಹೌದು, ಸ್ಪೇನಿನ ಸೂಪರ್ ಕಪ್ ನಡೆಯುವುದು ಸೌದಿ ಅರೇಬಿಯಾದಲ್ಲಿ. ಅದನ್ನು ಇಲ್ಲಿ ಎಳೆಯುವುದಿಲ್ಲ, ಅದಕ್ಕೆ ಇನ್ನೊಂದು ಅಂಕಣ ಬೇಕು. ಪಂದ್ಯದ ಹಿಂದಿನ ದಿನ ಬಾರ್ಸಾ ಆಟಗಾರ ರಫಿನ್ಯಾ ಪತ್ರಕರ್ತರ ಮುಂದೆ, ತಾನು ಬೇರೆ ಕ್ಲಬ್ಬಿನಲ್ಲಿದ್ದು ಇದನ್ನೆಲ್ಲ ನೋಡಿದ್ದರೆ ಇಲ್ಲಿಗೆ ಬರುವ ಬಗ್ಗೆ ಯೋಚಿಸುತ್ತಿದ್ದೆ ಅನ್ನುವ ಅರ್ಥದ ಮಾತಾಡಿದ. ತಂಡದವನೇ ಅಷ್ಟು ನಿಜ ಹೇಳಿದ್ದು ಅಪರೂಪ. ಮರುದಿನ, ಜನವರಿ 8ರಂದು, ಸೆಮಿಫೈನಲ್‌ಗೆ ಸ್ವಲ್ಪ ಮುಂಚೆ ಮ್ಯಾಡ್ರಿಡ್‌ನಿಂದ ಸುದ್ದಿ ಬಂತು. ಸರ್ಕಾರದ ಕ್ರೀಡಾ ಮಂಡಳಿ ತಾತ್ಕಾಲಿಕ ಅನುಮತಿ ಕೊಟ್ಟಿದೆ. ಪಂದ್ಯ ಇನ್ನೂ ಶುರುವಾಗಿರಲಿಲ್ಲ, ಕ್ಲಬ್ಬಿನ ಅಧ್ಯಕ್ಷ ಜೋವಾನ್ ಲಾಪೋರ್ಟಾ ಕಪ್ ಗೆದ್ದವರ ಹಾಗೆ ಸಂಭ್ರಮಿಸಿದರು. ಒಂದು ಫಾರಂ ಪಾಸಾದದ್ದಕ್ಕೆ ಅಷ್ಟು ಸಂತೋಷ ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಖಾತೆ ಬದಲಾವಣೆಗೆ ಮೂರು ವರ್ಷ ಅಲೆದ ನನ್ನ ಚಿಕ್ಕಪ್ಪನ ಮುಖದಲ್ಲಿ.

ಏಪ್ರಿಲ್‌ನಲ್ಲಿ ಮತ್ತೆ ಕಾವೇರಿತು. ಕ್ಲಬ್ಬಿನ ಲೆಕ್ಕಪತ್ರದಲ್ಲಿ ಕುರ್ಚಿ ಮಾರಿದ ಆದಾಯ ಒಂದು ಯೂರೋ ಕೂಡ ಕಾಣುತ್ತಿಲ್ಲ ಅಂತ ಲಾ ಲಿಗಾ ಹೇಳಿಕೆ ಕೊಟ್ಟಿತು. ಎಲ್ಲಾ ಸರಿಯಾಗಿಯೇ ಇದೆ ಅಂತ ಕ್ಲಬ್ಬು. ಒಂದು ದಿನ ಕಳೆಯಿತು. ಏಪ್ರಿಲ್ 3ಕ್ಕೆ ಕ್ರೀಡಾ ಮಂಡಳಿ ಕೊನೇ ತೀರ್ಪು ಕೊಟ್ಟು ಓಲ್ಮೊನನ್ನು ಉಳಿಸಿತು. ಕುರ್ಚಿ ಇತ್ತಾ, ದುಡ್ಡು ಬಂತಾ ಅನ್ನುವ ಮಾತೇ ಅಲ್ಲ. ಲೈಸೆನ್ಸ್ ಇಲ್ಲ ಅಂದ ಲೀಗು–ಫೆಡರೇಶನ್ ಜಂಟಿ ಸಮಿತಿಗೆ ಹಾಗೆ ಹೇಳುವ ಅಧಿಕಾರವೇ ಇರಲಿಲ್ಲವಂತೆ! ಮೂರು ತಿಂಗಳು ಇಡೀ ದೇಶ ಜಗಳಾಡಿದ್ದು, ಕೂರಬಾರದವರು ಕೂತು ಹೇಳಿದ ಮಾತಿನ ಮೇಲೆ.

ಹುಡುಗ ಮಾತ್ರ ಆಡುತ್ತಲೇ ಇದ್ದ. ಆ ಋತುವಿನಲ್ಲಿ ಬಾರ್ಸಿಲೋನಾ ಲೀಗ್ ಗೆದ್ದದ್ದು ಮೇ 15ರಂದು, ಓಲ್ಮೊ ಮೊದಲು ಚೆಂಡು ತಟ್ಟಿದ ಎಸ್ಪಾನ್ಯೋಲ್ ಕ್ಲಬ್ಬಿನ ಅಂಗಳದಲ್ಲಿ.

ಬುದ್ಧಿ ಬಂತಾ? 2025ರ ಬೇಸಿಗೆಯಲ್ಲಿ ಅದೇ ಎಸ್ಪಾನ್ಯೋಲ್‌ನಿಂದ ಗೋಲ್‌ಕೀಪರ್ ಜೋವಾನ್ ಗಾರ್ಸಿಯಾನನ್ನು ತಂದರು. ನೋಂದಣಿಗೆ ಫೇರ್ ಪ್ಲೇ ಇಲ್ಲ. ಈ ಸಲ ಸಿಕ್ಕಿದ್ದು ಹಳೇ ಗೋಲ್‌ಕೀಪರ್, ನಾಯಕ ಟೆರ್ ಸ್ಟೇಗನ್‌ನ ಬೆನ್ನು. ಆಪರೇಷನ್ ಆಗಿತ್ತು. ಮೂರು ತಿಂಗಳಲ್ಲಿ ಬರ್ತೀನಿ ಅಂತ ಅವನೇ ಹೇಳಿಬಿಟ್ಟಿದ್ದ. ಅಯ್ಯೋ, ನಾಲ್ಕು ತಿಂಗಳಾದರೂ ಬೇಕಲ್ಲ, ಆಗ ತಾನೇ ನಿಯಮದ ಸಂದು ತೆರೆಯೋದು! ವೈದ್ಯರ ವರದಿಯನ್ನು ಲೀಗಿಗೆ ಕಳಿಸಲು ಅವನ ರುಜು ಬೇಕು, ಅವನು ಹಾಕಲಿಲ್ಲ. ಕ್ಲಬ್ಬು ನಾಯಕತ್ವ ಕಿತ್ತುಕೊಂಡಿತು. ರುಜು ಹಾಕಿದ. ಮರುದಿನವೇ ನಾಯಕತ್ವ ವಾಪಸ್. ಗಾರ್ಸಿಯಾ ಮೊದಲ ಪಂದ್ಯಕ್ಕೆ ಗೋಲಿನ ಮುಂದೆ ನಿಂತ.

ಮೊನ್ನೆ ಅಕ್ಕನ ಮಗ ಫೋನ್ ಹಿಡಿದುಕೊಂಡು ಓಡಿ ಬಂದ.

“ಮಾಮಾ, ಬಾರ್ಸಾದಲ್ಲಿ ಯಾರಿಗೋ ಪೆಟ್ಟಾಗಿದೆಯಂತೆ.”

“ಎಷ್ಟು ತಿಂಗಳಂತೆ?” ಅಂದೆ.